ಗಾಣದ ಎತ್ತು ಎಷ್ಟು ದೂರ ಹೋಯಿತು?

ಕೇಳುಗರೇ, ನಮಸ್ಕಾರ.

ಬೆಳಗ್ಗೆ ಗಾಣಕ್ಕೆ ಕಟ್ಟಿದ ಎತ್ತು ಮಧ್ಯಾಹ್ನದವರೆಗೂ ತಿರುಗುತ್ತದೆ. ಕೊಬ್ಬರಿ ಅರೆದು ಎಣ್ಣೆ ಇಳಿಯುತ್ತದೆ, ಹಿಂಡಿ ಉಳಿಯುತ್ತದೆ. ನೊಗ ಬಿಚ್ಚುವಾಗ ನೋಡಿದರೆ, ಎತ್ತು ಬೆಳಗ್ಗೆ ಕಟ್ಟಿದ ಜಾಗದಲ್ಲೇ ನಿಂತಿದೆ. ಹಾಗಾದರೆ ಅದು ನಡೆದದ್ದೆಷ್ಟು? ಸರಿದದ್ದೆಷ್ಟು?

ಕೇಳಲು ಒಂದೇ ಅನ್ನಿಸಿದರೂ ಇವು ಎರಡು ಪ್ರಶ್ನೆ. ಕಾಲು ತುಳಿದ ದಾರಿಯ ಉದ್ದಕ್ಕೆ ದೂರ ಎನ್ನುತ್ತೇವೆ. ಹೊರಟ ಜಾಗದಿಂದ ನಿಂತ ಜಾಗಕ್ಕೆ ನೇರವಾಗಿ ಹಗ್ಗ ಎಳೆದರೆ, ಆ ಹಗ್ಗದ ಉದ್ದ ಮತ್ತು ಅದು ಹೋಗುವ ದಿಕ್ಕು ಎರಡೂ ಸೇರಿ ಸ್ಥಾನಪಲ್ಲಟ.

ಕಾಗದ ಹತ್ತಿರವಿದ್ದರೆ ಒಂದು ವೃತ್ತ ಬರೆದುಕೊಳ್ಳಿ. ಗಾಣದ ನಡುವಿನಿಂದ ಎತ್ತು 7 ಅಡಿ ಆಚೆ ನಡೆಯುತ್ತಿದೆ ಅಂತಿಟ್ಟುಕೊಳ್ಳೋಣ. ಪೂರ್ವದಲ್ಲಿ ಹೊರಟು ಉತ್ತರಕ್ಕೆ ತಿರುಗಿತು. ಉತ್ತರ ಮುಟ್ಟಿದಾಗ ಕಾಲು ಸುತ್ತು. ನಡೆದದ್ದು 11 ಅಡಿ, ಹಗ್ಗ ಸುಮಾರು 9.9 ಅಡಿ, ವಾಯವ್ಯ ದಿಕ್ಕಿಗೆ. ಪಶ್ಚಿಮ ಮುಟ್ಟಿದಾಗ ನಡಿಗೆ 22, ಹಗ್ಗ 14. ಅದು ವೃತ್ತದ ವ್ಯಾಸ. ಎತ್ತು ವರ್ಷವಿಡೀ ತಿರುಗಿದರೂ ಇದಕ್ಕಿಂತ ಉದ್ದದ ಹಗ್ಗ ಬೇಕಾಗುವುದಿಲ್ಲ.

ಇನ್ನು ಮುಂದೆ ತಮಾಷೆ. ದಕ್ಷಿಣಕ್ಕೆ ಬರುವಷ್ಟರಲ್ಲಿ ನಡಿಗೆ 33ಕ್ಕೆ ಏರಿದೆ, ಹಗ್ಗ ಮಾತ್ರ ಮತ್ತೆ 9.9ಕ್ಕೆ ಇಳಿದಿದೆ. ಉತ್ತರದಲ್ಲೂ ಇಷ್ಟೇ ಇತ್ತು, ಅಲ್ವಾ? ಆದರೆ ಈಗ ಅದು ನೈಋತ್ಯಕ್ಕೆ ಹೋಗುತ್ತದೆ. ದಿಕ್ಕು ಹೇಳದಿದ್ದರೆ ಎತ್ತು ಉತ್ತರದಲ್ಲಿದೆಯೋ ದಕ್ಷಿಣದಲ್ಲಿದೆಯೋ ಗೊತ್ತಾಗುವುದೇ ಇಲ್ಲ. ಸುತ್ತು ಮುಗಿದಾಗ ನಡಿಗೆ 44 ಅಡಿ, ಹಗ್ಗ ಸೊನ್ನೆ. ಗಾಣದವನಿಗೆ ಈ ಸೊನ್ನೆಯ ಚಿಂತೆಯಿಲ್ಲ ಬಿಡಿ. ಎಣ್ಣೆ ಇಳಿಯುವುದು ನಡಿಗೆಯಿಂದ.

ಒಂಬತ್ತನೇ ತರಗತಿಯ ಮಕ್ಕಳಿಗೆ ಕೊಡುವ ಒಂದು ಲೆಕ್ಕವಿದೆ. 200 ಮೀಟರ್ ವ್ಯಾಸದ ವೃತ್ತದಲ್ಲಿ ಓಟಗಾರ 40 ಸೆಕೆಂಡಿಗೆ ಒಂದು ಸುತ್ತು ಹಾಕುತ್ತಾನೆ. 2 ನಿಮಿಷ 20 ಸೆಕೆಂಡಿಗೆ ಅವನ ದೂರ, ಸ್ಥಾನಪಲ್ಲಟ ಎಷ್ಟು? ಅಷ್ಟು ಹೊತ್ತಿಗೆ ಮೂರೂವರೆ ಸುತ್ತಾಗುತ್ತದೆ, ದೂರ ಸುಮಾರು 2,200 ಮೀಟರ್. ಸ್ಥಾನಪಲ್ಲಟಕ್ಕೆ 200ನ್ನು ಮೂರೂವರೆಯಿಂದ ಗುಣಿಸಬೇಡಿ. ಮೂರು ಪೂರ್ತಿ ಸುತ್ತನ್ನು ಸುಮ್ನೆ ಬಿಟ್ಟುಬಿಡಿ. ಉಳಿದ ಅರ್ಧ ಸುತ್ತಿಗೆ ವ್ಯಾಸವೇ ಉತ್ತರ, 200 ಮೀಟರ್.

ಅಂದಹಾಗೆ, ಈ ಓಟಗಾರನ ವೇಗ ನೋಡಿದಿರಾ? ಸೆಕೆಂಡಿಗೆ 15 ಮೀಟರಿಗೂ ಜಾಸ್ತಿ! 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗಲೂ ಸರಾಸರಿ ಹತ್ತೂವರೆ ಮೀಟರ್ ದಾಟಿರಲಿಲ್ಲ. ಲೆಕ್ಕ ಬರೆದವರು ಆ ಬಡಪಾಯಿಗೆ ಒಂದು ಸ್ಕೂಟರಾದರೂ ಕೊಡಬಹುದಿತ್ತು. ಉತ್ತರ ಆಗಲೂ ಅದೇ 200 ಮೀಟರ್.

ನಮಸ್ಕಾರ.