ನಾಲ್ಕು ಸೆಕೆಂಡಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಒಂದು ಯುದ್ಧವಿಮಾನ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ, ಮರದ ತುದಿ ಸವರುವಷ್ಟು ಕೆಳಗೆ ಹಾರಿ ಬರುತ್ತಿದೆ ಅಂತ ಇಟ್ಟುಕೊಳ್ಳಿ. ನಾನು ಈ ವಾಕ್ಯ ಹೇಳಿ ಮುಗಿಸುವ ಹೊತ್ತಿಗೆ ಅದು ಒಂದು ಕಿಲೋಮೀಟರಿಗಿಂತ ಜಾಸ್ತಿ ಹತ್ತಿರ ಬಂದಾಯಿತು. ಅದರ ದಾರಿಯಲ್ಲಿ ಟ್ಯಾಂಕುಗಳ ಒಂದು ಸಾಲು ಹೊರಟಿದೆ. ಟ್ಯಾಂಕಿನ ಉಕ್ಕು ಎದುರಿಗೆ ತುಂಬಾ ದಪ್ಪ, ನೆತ್ತಿಯ ಮೇಲೆ ತೆಳು. ಮೇಲಿಂದ ಬರುವವನಿಗೆ ಸಿಗುವುದು ನೆತ್ತಿಯೇ.

ಆ ಸಾಲಿನ ಜೊತೆಜೊತೆಗೇ ಓಡಾಡುತ್ತಾ, ಸುತ್ತಲಿನ ನಾಲ್ಕೈದು ಕಿಲೋಮೀಟರ್ ಆಕಾಶ ಕಾಯುವ ಗಾಡಿಗಳಿವೆ. ಇವತ್ತಿನ ಮಾತು ಅವುಗಳ ಬಗ್ಗೆ. ಸೇನೆಯವರು ಇದನ್ನು ಅಲ್ಪ ವ್ಯಾಪ್ತಿಯ ವಾಯು ರಕ್ಷಣೆ ಎನ್ನುತ್ತಾರೆ. ಸುಮ್ನೆ ‘ವಿಮಾನ ಹೊಡೆಯುವ ಟ್ಯಾಂಕು’ ಅಂದುಕೊಂಡರೂ ಸದ್ಯಕ್ಕೆ ಸಾಕು.

ಹೊಡೆಯುವುದರಲ್ಲಿ ಕಷ್ಟ ಏನಿದೆ? ಗುಂಡಿಗೂ ಪ್ರಯಾಣದ ಸಮಯ ಬೇಕು, ಅಲ್ವಾ. 35 ಮಿಲಿಮೀಟರಿನ ಒಂದು ಗುಂಡು ನಳಿಗೆಯಿಂದ ಸೆಕೆಂಡಿಗೆ 1,175 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಗಾಳಿಯ ತಡೆಯಿಂದ ದಾರಿಯುದ್ದಕ್ಕೂ ಅದರ ವೇಗ ಇಳಿಯುತ್ತದೆ. ಮೂರು ಕಿಲೋಮೀಟರ್ ಮುಟ್ಟುವಾಗ ಹತ್ತಿರ ಹತ್ತಿರ ನಾಲ್ಕು ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ವಿಮಾನ ಒಂದು ಕಿಲೋಮೀಟರ್ ಆಚೆ. ಅಂದರೆ ವಿಮಾನ ಈಗ ಇರುವ ಜಾಗಕ್ಕೆ ಹೊಡೆದರೆ ಗುಂಡು ಖಾಲಿ ಆಕಾಶಕ್ಕೆ ಹೋಗುತ್ತದೆ. ಅದು ಇನ್ನು ನಾಲ್ಕು ಸೆಕೆಂಡಿಗೆ ಎಲ್ಲಿರುತ್ತದೋ ಅಲ್ಲಿಗೆ ಹೊಡೆಯಬೇಕು. ಪೈಲಟ್ ಅಷ್ಟರಲ್ಲಿ ಸ್ವಲ್ಪ ತಿರುಗಿದನೋ, ಲೆಕ್ಕವೆಲ್ಲ ನೀರುಪಾಲು.

ಎರಡನೇ ಮಹಾಯುದ್ಧದಲ್ಲಿ ಈ ಲೆಕ್ಕ ಮಾಡುತ್ತಿದ್ದದ್ದು ಕಣ್ಣು ಮತ್ತು ಅಂದಾಜು. 1944ರಲ್ಲಿ ಜರ್ಮನರು ಪ್ಯಾಂಜರ್-4 ಟ್ಯಾಂಕಿನ ಮೇಲೆ ನಾಲ್ಕು 20 ಮಿಲಿಮೀಟರ್ ತೋಪುಗಳನ್ನು ಕೂರಿಸಿದರು. ಹೆಸರು ವಿರ್ಬೆಲ್‌ವಿಂಟ್, ಅಂದರೆ ಸುಂಟರಗಾಳಿ. ಮೇಲೆ ಮುಚ್ಚಳ ಇರಲಿಲ್ಲ. ಆಕಾಶ ನೋಡಬೇಕಲ್ಲ! ಅದರ ಅಣ್ಣನಂತಿದ್ದ ಇನ್ನೊಂದು ಗಾಡಿಗೆ ಸುತ್ತಲೂ ಎತ್ತರದ ಚೌಕ ಗೋಡೆ. ಸೈನಿಕರು ಅದನ್ನು ಮ್ಯೋಬೆಲ್‌ವಾಗನ್, ಮನೆ ಸಾಮಾನು ಸಾಗಿಸುವ ವ್ಯಾನು ಎಂದೇ ಕರೆದರು. ಅಮೆರಿಕನ್ನರ ಹತ್ತಿರ ನಾಲ್ಕು ಮೆಷಿನ್‌ಗನ್ ಹೊತ್ತ ಎಂ-16 ಇತ್ತು. ಹಿಂದೆ ಸರಪಳಿ ಚಕ್ರ, ಮುಂದೆ ಲಾರಿಯ ಚಕ್ರ.

ಆಟ ಬದಲಾದದ್ದು ಗಾಡಿಯ ಒಳಗೇ ರೇಡಾರ್ ಬಂದಾಗ. ಇಲ್ಲಿ ಸೋವಿಯತ್ ಶಿಲ್ಕಾದ ಮಾತು ಬರಲೇಬೇಕು. 1960ರ ದಶಕದಲ್ಲಿ ಸೇನೆ ಸೇರಿದ ಗಾಡಿ ಇದು. ಶಿಲ್ಕಾ ಒಂದು ನದಿಯ ಹೆಸರು. ನಾಲ್ಕು 23 ಮಿಲಿಮೀಟರ್ ನಳಿಗೆಗಳು ಸೇರಿ ನಿಮಿಷಕ್ಕೆ ಸುಮಾರು 3,400 ಗುಂಡು ಉಗುಳುತ್ತವೆ. ಗಾಡಿಯಲ್ಲಿ ಇರುವುದೇ 2,000 ಗುಂಡು. ಬೆರಳು ಒತ್ತಿ ಹಿಡಿದರೆ ಒಂದು ನಿಮಿಷ ತುಂಬುವ ಮೊದಲೇ ಖಾಲಿ! ನಳಿಗೆಗಳೂ ಕಾದು ಕೆಂಪಾಗುತ್ತವೆ, ಅವಕ್ಕೆ ನೀರಿನಿಂದ ತಂಪು ಮಾಡುವ ಏರ್ಪಾಡಿದೆ. ಹಾಗಾಗಿ ತೋಪುಗಾರ ಚಿಕ್ಕ ಚಿಕ್ಕ ಕಂತುಗಳಲ್ಲೇ ಹೊಡೆಯುತ್ತಾನೆ.

ಶಿಲ್ಕಾಗೆ ಹೆಸರು ಬಂದದ್ದು 1973ರ ಅಕ್ಟೋಬರ್ ಯುದ್ಧದಲ್ಲಿ. ಈಜಿಪ್ಟ್ ಮತ್ತು ಸಿರಿಯಾದ ಬಳಿ ಸ್ಯಾಮ್-6 ಎಂಬ ಸೋವಿಯತ್ ಕ್ಷಿಪಣಿಗಳಿದ್ದವು. ಅವುಗಳಿಂದ ತಪ್ಪಿಸಿಕೊಳ್ಳಲು ಇಸ್ರೇಲಿ ಪೈಲಟ್‌ಗಳು ವಿಮಾನವನ್ನು ನೆಲದ ಹತ್ತಿರಕ್ಕೆ ಇಳಿಸಿದರು. ಅಲ್ಲಿ ಶಿಲ್ಕಾ ಕಾದಿತ್ತು. ಅತ್ತ ದರಿ, ಇತ್ತ ಪುಲಿ. ಈ ಗಾಡಿಗಳ ಲೆಕ್ಕ ಇಡುವಾಗ ಎಷ್ಟು ವಿಮಾನ ಬೀಳಿಸಿದವು ಅಂತ ಎಣಿಸುವುದು ವಾಡಿಕೆ. ನನಗೇನೋ ಅದು ಅರ್ಧ ಲೆಕ್ಕ ಅನ್ನಿಸುತ್ತದೆ. ಪೈಲಟ್ ಹೆದರಿ ಮತ್ತೆ ಮೇಲಕ್ಕೇರಿದ, ಬೇಗ ಬಾಂಬು ಬಿಸಾಕಿ ಗುರಿ ತಪ್ಪಿದ ಅಂದರೂ ಗಾಡಿಯ ಕೂಲಿ ಹುಟ್ಟಿತು.

ಅಫ್ಘಾನಿಸ್ತಾನದಲ್ಲಿ ಇದೇ ಶಿಲ್ಕಾಗೆ ಬೇರೆಯೇ ಕೆಲಸ ಸಿಕ್ಕಿತು. ಅಲ್ಲಿ ಹೊಡೆಯಲು ಎದುರಾಳಿಯ ವಿಮಾನಗಳೇ ಇರಲಿಲ್ಲ. ಗುಂಡು ಬರುತ್ತಿದ್ದದ್ದು ಬೆಟ್ಟದ ಮೇಲಿಂದ. ಟ್ಯಾಂಕಿನ ತೋಪು ಅಷ್ಟು ಎತ್ತರಕ್ಕೆ ಕತ್ತೆತ್ತುವುದಿಲ್ಲ, ಶಿಲ್ಕಾ 85 ಡಿಗ್ರಿವರೆಗೂ ಎತ್ತುತ್ತದೆ. ಸೋವಿಯತ್ ಸೇನೆ ರೇಡಾರ್ ಬಿಚ್ಚಿಹಾಕಿ, ಆ ಜಾಗಕ್ಕೆ ಇನ್ನಷ್ಟು ಗುಂಡು ತುಂಬಿತು. ಅಲ್ಲಿನವರು ಅದಕ್ಕೆ ‘ಶೈತಾನ್ ಅರ್ಬಾ’, ಸೈತಾನನ ಗಾಡಿ ಎಂದು ಹೆಸರಿಟ್ಟರಂತೆ.

ಜರ್ಮನಿಯ ಗೆಪಾರ್ಡ್ ಇನ್ನೂ ನಾಜೂಕಿನ ಯಂತ್ರ. ಗೆಪಾರ್ಡ್ ಅಂದರೆ ಚೀತಾ. 1970ರ ದಶಕದಲ್ಲಿ ಬಂತು. ಲೆಪರ್ಡ್-1 ಟ್ಯಾಂಕಿನ ಮೈ, ಎರಡು ಪಕ್ಕದಲ್ಲಿ ಎರಡು 35 ಮಿಲಿಮೀಟರ್ ತೋಪು, ತೂಕ 47 ಟನ್ ಮೇಲೆ. ಇದಕ್ಕೆ ಎರಡು ರೇಡಾರ್. ಹಿಂದಿನದು ಗಿರಗಿರ ತಿರುಗುತ್ತಾ 15 ಕಿಲೋಮೀಟರ್ ದೂರದವರೆಗೆ ಹುಡುಕುತ್ತದೆ. ಮುಂದಿನದು ಸಿಕ್ಕ ಗುರಿಯನ್ನು ಕಚ್ಚಿಕೊಂಡು ಬಿಡುವುದಿಲ್ಲ. ನನಗೆ ಇಷ್ಟವಾಗುವ ಸಂಗತಿ ಬೇರೆ. ನಳಿಗೆಯ ತುದಿಯಲ್ಲಿ ಒಂದು ಸಾಧನ ಇದೆ. ಹೊರಬೀಳುವ ಗುಂಡುಗಳ ವೇಗವನ್ನು ಅದು ಅಳೆಯುತ್ತದೆ. ನಳಿಗೆ ಸವೆದು ವೇಗ ಸ್ವಲ್ಪ ಕಡಿಮೆಯಾದರೂ ಕಂಪ್ಯೂಟರ್ ಲೆಕ್ಕ ತಿದ್ದಿಕೊಳ್ಳುತ್ತದೆ. ನಾಲ್ಕು ಸೆಕೆಂಡಿನ ಲೆಕ್ಕದಲ್ಲಿ ಅಷ್ಟು ಚಿಕ್ಕ ವ್ಯತ್ಯಾಸವೂ ದುಬಾರಿ.

ಎಲ್ಲರೂ ಗೆದ್ದರು ಅಂತೇನಿಲ್ಲ. ಅಮೆರಿಕದ ಸಾರ್ಜೆಂಟ್ ಯಾರ್ಕ್ ಕಥೆ ಕೇಳಿ. ಮೊದಲ ಮಹಾಯುದ್ಧದ ವೀರನೊಬ್ಬನ ಹೆಸರು ಹೊತ್ತ ಗಾಡಿ. ಹಳೆಯ ಎಂ-48 ಟ್ಯಾಂಕಿನ ಮೈ, ಎರಡು 40 ಮಿಲಿಮೀಟರ್ ತೋಪು. ರೇಡಾರ್ ಮಾತ್ರ ಎಫ್-16 ವಿಮಾನದ ರೇಡಾರಿನ ತಮ್ಮ. ಇದ್ದ ಸಾಮಾನನ್ನೇ ಜೋಡಿಸಿದರೆ ಬೇಗ ಆಗುತ್ತೆ, ಅಗ್ಗವೂ ಆಗುತ್ತೆ ಎಂಬ ಯೋಚನೆ. ಆದರೆ ಆಕಾಶದಲ್ಲಿ ಹಾರುತ್ತಾ ನೋಡುವುದಕ್ಕೂ, ನೆಲದ ಮೇಲೆ ಮರ, ಕಟ್ಟಡ, ದಿಬ್ಬಗಳ ನಡುವೆ ಕೂತು ನೋಡುವುದಕ್ಕೂ ಅಜಗಜಾಂತರ. ನೆಲದ ಗಲಾಟೆಯಲ್ಲಿ ರೇಡಾರ್ ತಬ್ಬಿಬ್ಬಾಯಿತು. 1982ರಲ್ಲಿ ಗಣ್ಯರ ಮುಂದೆ ಪ್ರದರ್ಶನ ಇಟ್ಟಾಗ, ತೋಪುಗಳು ಗುರಿ ಬಿಟ್ಟು ಗಣ್ಯರು ಕೂತಿದ್ದ ಕಡೆಗೇ ತಿರುಗಿದವಂತೆ. ಕೂತಿದ್ದವರು ಎದ್ದೆವೋ ಬಿದ್ದೆವೋ ಅಂತ ಅಡಗಿಕೊಂಡರಂತೆ. ಹೊಸ ಎಂ-1 ಟ್ಯಾಂಕುಗಳ ಓಟಕ್ಕೆ ಈ ಹಳೆಯ ಮೈ ಸಮನಾಗಲಿಲ್ಲ. ಅತ್ತ ಸೋವಿಯತ್ ಹೆಲಿಕಾಪ್ಟರುಗಳು ಈ ತೋಪಿಗೆ ಎಟುಕದಷ್ಟು ದೂರದಿಂದಲೇ ಕ್ಷಿಪಣಿ ಬಿಡಲು ಕಲಿತಿದ್ದವು. 1985ರ ಆಗಸ್ಟ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಕ್ಯಾಸ್ಪರ್ ವೈನ್‌ಬರ್ಗರ್ ಯೋಜನೆಯನ್ನೇ ಕೈಬಿಟ್ಟರು. ಅಷ್ಟರಲ್ಲಿ ಸುಮಾರು 180 ಕೋಟಿ ಡಾಲರ್ ಕರಗಿತ್ತು. ತಯಾರಾದ ಗಾಡಿಗಳಲ್ಲಿ ಹಲವು ಕೊನೆಗೆ ಬಾಂಬ್ ಅಭ್ಯಾಸದ ಗುರಿಗಳಾದವು. ವಿಮಾನ ಹೊಡೆಯಬೇಕಿದ್ದ ಗಾಡಿಗೆ ವಿಮಾನದಿಂದಲೇ ಸಾವು!

ದೂರದ ಹೆಲಿಕಾಪ್ಟರಿಗೆ ಸೋವಿಯತ್ ಉತ್ತರ ತುಂಗುಸ್ಕಾ. 1980ರ ದಶಕದ ಗಾಡಿ. ತೋಪು, ಕ್ಷಿಪಣಿ ಎರಡೂ ಒಂದೇ ಮೈಯಲ್ಲಿ. ಎಂಟು ಕಿಲೋಮೀಟರ್‌ವರೆಗೆ ಕ್ಷಿಪಣಿ ನೋಡಿಕೊಳ್ಳುತ್ತದೆ. ಆದರೆ ತೀರಾ ಹತ್ತಿರ ಬಂದದ್ದು ಕ್ಷಿಪಣಿಯ ಹಿಡಿತಕ್ಕೆ ಸಿಗುವುದಿಲ್ಲ. ಅಲ್ಲಿಂದ ಈಚೆಗೆ 30 ಮಿಲಿಮೀಟರ್ ತೋಪುಗಳ ಕೆಲಸ.

ಆಮೇಲೆ ಶೀತಲ ಸಮರ ಮುಗಿಯಿತು. ಆಕಾಶ ಹೇಗೂ ನಮ್ಮ ವಾಯುಪಡೆಯ ಕೈಯಲ್ಲೇ ಇರುತ್ತೆ, ಈ ಗಾಡಿಗಳಿಗೆ ಯಾಕೆ ದುಡ್ಡು ಎಂದು ಪಶ್ಚಿಮದ ದೇಶಗಳು ಅಂದುಕೊಂಡವು. ಜರ್ಮನಿ ಗೆಪಾರ್ಡನ್ನು ನಿವೃತ್ತಿ ಮಾಡಿಬಿಟ್ಟಿತು. ಆ ನಿರ್ಧಾರವನ್ನು ಈಗ ಆಡಿಕೊಳ್ಳುವುದು ಸುಲಭ. ಆಗ ಅದೂ ಒಂದು ಲೆಕ್ಕವೇ.

2022ರಲ್ಲಿ ಅದೇ ಗೆಪಾರ್ಡ್‌ಗಳು ಶೆಡ್ಡಿನಿಂದ ಹೊರಬಂದು ಉಕ್ರೇನಿಗೆ ಹೋದವು. ಅಲ್ಲಿ ಅವು ಹೆಚ್ಚಾಗಿ ಹೊಡೆದದ್ದು ರಷ್ಯಾ ಬಿಡುತ್ತಿದ್ದ ಶಾಹೆದ್ ಎಂಬ ಡ್ರೋನುಗಳನ್ನು. ಇವು ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದಲ್ಲಿ ಸದ್ದು ಮಾಡುತ್ತಾ ಬರುತ್ತವೆ. ನಾಲ್ಕು ಸೆಕೆಂಡಿನಲ್ಲಿ ಸಾಗುವುದು 200 ಮೀಟರ್ ಅಷ್ಟೆ. ಗೆಪಾರ್ಡಿಗೆ ಇದು ನೀರು ಕುಡಿದಷ್ಟು ಸುಲಭ. ಹಣದ ಲೆಕ್ಕವೂ ಕೂಡಿ ಬರುತ್ತದೆ. ಇಂಥ ಡ್ರೋನಿಗೆ ದುಬಾರಿ ಪೇಟ್ರಿಯಟ್ ಕ್ಷಿಪಣಿ ಬಿಡುತ್ತಾ ಕೂತರೆ ಹೊಡೆದವನೇ ದಿವಾಳಿ. ಇಲ್ಲಿ ಕೆಲವು ಗುಂಡಿನ ಒಂದು ಕಂತು ಸಾಕು.

ಆದರೆ ಆ ಗುಂಡೇ ಇರಲಿಲ್ಲ! ಇದ್ದ ದಾಸ್ತಾನು ಸ್ವಿಟ್ಜರ್ಲೆಂಡಿನಲ್ಲಿ ತಯಾರಾದದ್ದು. ತಟಸ್ಥ ದೇಶವಾದ ಕಾರಣ ಅದು ಮರುರವಾನೆಗೆ ಒಪ್ಪಲಿಲ್ಲ. ಕೊನೆಗೆ ರೈನ್‌ಮೆಟಾಲ್ ಕಂಪನಿ ಜರ್ಮನಿಯಲ್ಲೇ ಹೊಸದಾಗಿ ಗುಂಡು ತಯಾರಿಸಲು ಶುರು ಮಾಡಬೇಕಾಯಿತು.

ಅದೇ ಕಂಪನಿಯ ಹೊಸ ಗಾಡಿ ಸ್ಕೈರೇಂಜರ್. ಇದರ ಗುಂಡು ಗುರಿಗೆ ತಾಗಲೇಬೇಕು ಅಂತಿಲ್ಲ. ಅಹೆಡ್ ಎಂಬ ಈ ಬಗೆಯ 35 ಮಿಲಿಮೀಟರ್ ಗುಂಡಿನೊಳಗೆ 152 ಟಂಗ್‌ಸ್ಟನ್ ಚೂರುಗಳಿರುತ್ತವೆ. ಎಷ್ಟು ಹೊತ್ತಿಗೆ ಸಿಡಿಯಬೇಕು ಎಂಬುದನ್ನು ನಳಿಗೆ ದಾಟುವಾಗಲೇ ಗುಂಡಿಗೆ ಹೇಳಿಬಿಡುತ್ತಾರೆ. ಗುರಿಯ ಮುಂದೆಯೇ ಸಿಡಿದು ಚೂರುಗಳ ಬಲೆ ಹರಡುತ್ತದೆ. ಅಮೆರಿಕವೂ ಸ್ಟ್ರೈಕರ್ ಗಾಡಿಯ ಮೇಲೆ 30 ಮಿಲಿಮೀಟರ್ ತೋಪು ಮತ್ತು ಸ್ಟಿಂಗರ್ ಕ್ಷಿಪಣಿ ಕೂರಿಸಿ ಮತ್ತೆ ಹೊರಟಿದೆ.

ಈಗಿನ ತಲೆನೋವು ಅಂಗೈಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಡ್ರೋನುಗಳು. ಹಳೆಯ ರೇಡಾರುಗಳಿಗೆ ಒಂದು ಪಾಠ ಹೇಳಿಕೊಟ್ಟಿದ್ದರು: ನಿಧಾನವಾಗಿ ಚಲಿಸುವುದನ್ನೆಲ್ಲ ಬಿಟ್ಟುಬಿಡು, ಅದು ಗಾಳಿಗೆ ಅಲ್ಲಾಡುವ ಮರವೋ, ಹಕ್ಕಿಯೋ ಇರುತ್ತದೆ ಎಂದು. ಈ ಪುಟ್ಟ ಡ್ರೋನು ಹಕ್ಕಿಯಷ್ಟೇ ಇರುತ್ತದೆ, ಹಕ್ಕಿಯಷ್ಟೇ ನಿಧಾನವಾಗಿ ಬರುತ್ತದೆ, ಬೇಕೆಂದರೆ ಟ್ಯಾಂಕಿನ ನೆತ್ತಿಯ ಮೇಲೆ ಸುಮ್ನೆ ನಿಂತೂಬಿಡುತ್ತದೆ. ಸೆಕೆಂಡಿಗೆ 250 ಮೀಟರ್ ಓಡುವುದನ್ನು ಹಿಡಿಯಲು ಅರುವತ್ತು ವರ್ಷ ಪಳಗಿದ ಗಾಡಿಗಳು ಈಗ ನಿಂತದ್ದನ್ನು ಗುರುತಿಸಲು ಕಲಿಯುತ್ತಿವೆ.

ನಮಸ್ಕಾರ.