ಪಾಡ್ಯದ ಮುಹೂರ್ತಕ್ಕೆ ಹಸು ಕೊಳ್ಳಬೇಡಿ

ನಮಸ್ಕಾರ. ಇವತ್ತಿನ ಮಾತು ಪುಣೆ ಸುತ್ತಮುತ್ತ ನಾಲ್ಕು ಹಸು ಕಟ್ಟಿಕೊಂಡಿರುವ, ಇಲ್ಲವೇ ಕಟ್ಟಬೇಕು ಅಂತ ಮನಸ್ಸು ಮಾಡಿರುವ ನಮ್ಮ ಕನ್ನಡದ ಮಂದಿಗೆ. ಹೋಳಿ ಹುಣ್ಣಿಮೆ ಮುಗಿಯಿತು ಅಂದರೆ ಸಾಕು, ನನಗೆ ಒಂದೇ ಥರದ ಮೆಸೇಜು ಶುರು. "ಅಣ್ಣಾ, ಪಾಡ್ಯಕ್ಕೆ ಒಂದು ಎಚ್‌ಎಫ್ ಹಸು ತರೋಣ ಅಂತಿದ್ದೀವಿ, ಎಲ್ಲಿ ಒಳ್ಳೇದು ಸಿಗುತ್ತೆ?" ಎಚ್‌ಎಫ್ ಅಂದರೆ ಹೋಲ್‌ಸ್ಟೀನ್ ಫ್ರೀಷಿಯನ್, ಹಾಲು ಜಾಸ್ತಿ ಕೊಡುವ ವಿದೇಶಿ ತಳಿ. ನನ್ನ ಉತ್ತರವೂ ಒಂದೇ. ತರಬೇಡಿ. ಕೈಯಲ್ಲಿ ದುಡ್ಡಿದ್ದರೂ ತರಬೇಡಿ. ಸಾಲ ಸಿಗುತ್ತಿದ್ದರೆ ಇನ್ನೂ ತರಬೇಡಿ.

ಈ ಪಾಡ್ಯ ಅಂದರೆ ನಮ್ಮ ಯುಗಾದಿ, ಮಹಾರಾಷ್ಟ್ರದ ಗುಡಿ ಪಾಡವಾ. ಇಲ್ಲಿ ಅದು ವರ್ಷದ ಮೂರೂವರೆ ಶುಭ ಮುಹೂರ್ತಗಳಲ್ಲಿ ಒಂದು, ನಿಮಗೆ ಗೊತ್ತೇ ಇದೆ. ಅವತ್ತು ಪಂಚಾಂಗ ತೆಗೆಯುವುದೇ ಬೇಡ. ಬಂಗಾರ, ಬೈಕು, ಟ್ರ್ಯಾಕ್ಟರು, ಹಸು, ಎಲ್ಲ ಅವತ್ತೇ ಮನೆಗೆ ಬರಬೇಕು. ಬೈಕು ತನ್ನಿ, ನನ್ನ ತಕರಾರಿಲ್ಲ. ಬೈಕು ಮೇವು ಕೇಳುವುದಿಲ್ಲ.

ನಮ್ಮದು ಪುಣೆ ಜಿಲ್ಲೆಯ ದೌಂಡ ತಾಲ್ಲೂಕಿನಲ್ಲಿ ಸಣ್ಣ ಜಮೀನು. ಅಜ್ಜ ಜಮಖಂಡಿ ಕಡೆಯಿಂದ ರೈಲ್ವೆ ಕೆಲಸಕ್ಕೆ ದೌಂಡ ಜಂಕ್ಷನ್ನಿಗೆ ಬಂದವರು, ಅಲ್ಲೇ ನೆಲೆ ನಿಂತರು. ಈಗ ಅಣ್ಣ ಮತ್ತು ವೈನಿ (ಅತ್ತಿಗೆ) ಐದು ಹಸು, ಒಂದು ಎಮ್ಮೆ, ಒಂದಿಷ್ಟು ಆಡು ನೋಡಿಕೊಳ್ಳುತ್ತಾರೆ. ನಾನು ಪುಣೆಯ ಹಡಪ್ಸರದಲ್ಲಿರುತ್ತೇನೆ, ರಜೆ ಸಿಕ್ಕಾಗ ಹೋಗಿ ಸಗಣಿ ಬಾಚುತ್ತೇನೆ, ಆಮೇಲೆ ಇಲ್ಲಿ ಕೂತು ನಿಮಗೆ ಬುದ್ಧಿ ಹೇಳುತ್ತೇನೆ. ಕೆಲಸ ಮಾಡುವವರು ಅವರು. ಬಾಯಿ ಮಾತ್ರ ನನ್ನದು.

ಮೊದಲು ವಸಂತದ ವಿಷಯ. ಮೊಬೈಲಿನಲ್ಲಿ ವಿದೇಶದ ವಿಡಿಯೋ ನೋಡುತ್ತೀರಲ್ಲ, ಹಸಿರು ಗುಡ್ಡ, ಆಗಷ್ಟೇ ಹುಟ್ಟಿದ ಕುರಿಮರಿ, ಹೂವು. ಅವರಿಗೆ ಅದು ನಿಜ. ಅಲ್ಲಿ ಹಿಮ ಕರಗಿ ಹುಲ್ಲು ಬರುವ ಹೊತ್ತಿಗೆ ಮರಿ ಹುಟ್ಟುವ ಹಾಗೆ ಲೆಕ್ಕ ಹಾಕಿ ಸಾಕುತ್ತಾರೆ. ನಮ್ಮಲ್ಲಿ ಫಾಲ್ಗುಣ, ಚೈತ್ರ ಅಂದರೆ ಮಾವು ಬೇವು ಚಿಗುರುತ್ತವೆ, ನೆಲ ಮಾತ್ರ ಒಣಗುತ್ತದೆ. ಬದುವಿನ ಹುಲ್ಲು ಸಂಕ್ರಾಂತಿಗೇ ಹಳದಿಯಾಗಿರುತ್ತದೆ. ನಮ್ಮ ಎಮ್ಮೆಗಳು ಜಾಸ್ತಿ ಕರು ಹಾಕುವುದೂ ಮಳೆಗಾಲದ ಕೊನೆ ಮತ್ತು ಚಳಿಗಾಲದ ಕಡೆಗೆ. ಅವುಗಳಿಗೆ ಯಾರೂ ಹೇಳಿಕೊಡಲಿಲ್ಲ, ಹಸಿರು ಮೇವು ಯಾವಾಗ ಇರುತ್ತದೆ ಅಂತ ಅವುಗಳ ಮೈಗೇ ಗೊತ್ತು. ನಮಗೆ ಮಾತ್ರ ಪಾಡ್ಯದ ದಿನವೇ ಬೇಕು.

ಈ ಹೊತ್ತಿನಲ್ಲಿ ಹಸು ತರುವ ಆಸೆ ಯಾಕೆ ಹುಟ್ಟುತ್ತದೆ ಅನ್ನುವುದೂ ನನಗೆ ಅರ್ಥವಾಗುತ್ತದೆ. ಬಿಸಿಲು ಏರುತ್ತಿದ್ದ ಹಾಗೆ ಪುಣೆಯಲ್ಲಿ ಮೊಸರು, ಮಜ್ಜಿಗೆ, ಶ್ರೀಖಂಡ, ಐಸ್‌ಕ್ರೀಮಿಗೆ ಬೇಡಿಕೆ ಏರುತ್ತದೆ. ಅದೇ ಹೊತ್ತಿಗೆ ಹಳ್ಳಿಯಲ್ಲಿ ಹಾಲು ಇಳಿಯುತ್ತದೆ. ಹಾಗಾಗಿ ದರ ಸ್ವಲ್ಪ ಮೇಲೆ ಹೋಗುತ್ತದೆ, ಹಾಲು ಕೊಳ್ಳುವ ಸಂಕಲನ ಕೇಂದ್ರದ ಕಟ್ಟೆ ಮೇಲೆ ಕೂತವರೆಲ್ಲ "ಈಗ ಹಾಲಿಗೆ ರೇಟು ಬಂತು" ಅನ್ನುತ್ತಾರೆ, ಊರಿಗೆ ವಾಪಸ್ ಬಂದ ಹುಡುಗನೊಬ್ಬ ಅದನ್ನು ಕೇಳಿ ಸಾಲಕ್ಕೆ ಅರ್ಜಿ ಹಾಕುತ್ತಾನೆ. ಆದರೆ ಹಾಲು ಯಾಕೆ ಇಳಿಯಿತು ಅಂತ ಅವನು ಕೇಳುವುದಿಲ್ಲ. ಯಾವುದು ಎಲ್ಲರ ಹಸುವಿನ ಹಾಲು ಇಳಿಸಿತೋ ಅದು ನಿನ್ನ ಹೊಸ ಹಸುವನ್ನು ಬಿಡುತ್ತದಾ?

ಕೊಟ್ಟಿಗೆಗೆ ಬನ್ನಿ, ತೋರಿಸುತ್ತೇನೆ. ವೈನಿ ನಾಲ್ಕೂವರೆಗೆ ಏಳುತ್ತಾರೆ. ಬೇಗ ಏಳುವುದು ಶಿಸ್ತಿಗಲ್ಲ. ಬಿಸಿಲಾದ ಮೇಲೆ ಹಸು ಮೇವು ಮುಟ್ಟುವುದಿಲ್ಲ, ಅದಕ್ಕೆ. ಕತ್ತಲೆಯಲ್ಲೇ ಮೇವು ಹಾಕಬೇಕು, ಹಿಂಡಿ ಕಲಸಬೇಕು, ಹಾಲು ಕರೆದು ಕ್ಯಾನು ಕೇಂದ್ರಕ್ಕೆ ಮುಟ್ಟಿಸಬೇಕು. ಹನ್ನೊಂದು ಗಂಟೆಗೆ ನೋಡಿ. ಹಸು ಮಲಗಿ ಮೆಲುಕು ಹಾಕಬೇಕಾದ ಹೊತ್ತು ಅದು. ಆದರೆ ಎದ್ದು ನಿಂತಿರುತ್ತದೆ. ಕುತ್ತಿಗೆ ಮುಂದಕ್ಕೆ ಚಾಚಿ, ಬಾಯಿ ಅರ್ಧ ತೆರೆದು, ಜೊಲ್ಲು ಎಳೆ ಎಳೆಯಾಗಿ ಗೋದಲಿಗೆ (ಮೇವಿನ ತೊಟ್ಟಿಗೆ) ಬೀಳುತ್ತಿರುತ್ತದೆ. ಪಕ್ಕೆ ಪಟಪಟ ಹೊಡೆದುಕೊಳ್ಳುತ್ತಿರುತ್ತದೆ. ಎಚ್‌ಎಫ್ ಅಂದರೆ ಹಾಲೆಂಡ್ ಕಡೆಯ ತಳಿ. 25 ಡಿಗ್ರಿ ದಾಟಿದರೆ ಅದಕ್ಕೆ ಕಿರಿಕಿರಿ. ಮಿಶ್ರತಳಿ ಅದಕ್ಕಿಂತ ಸ್ವಲ್ಪ ತಾಳಿಕೊಳ್ಳುತ್ತದೆ, ಆದರೆ ನಮ್ಮ ದೌಂಡಿನಲ್ಲಿ ಏಪ್ರಿಲ್ ಅಂದರೆ 40ರ ಹತ್ತಿರ. ಅಣ್ಣ ಗೋಣಿಚೀಲ ಒದ್ದೆ ಮಾಡಿ ಬದಿಗೆ ಕಟ್ಟುತ್ತಾನೆ, ತಗಡಿನ ಮೇಲೆ ಕಬ್ಬಿನ ರವದಿ (ಒಣಗರಿ) ಹಾಸುತ್ತಾನೆ, ಮಧ್ಯಾಹ್ನ ಮೈಮೇಲೆ ನೀರು ಬಿಡುತ್ತಾನೆ. ಚಳಿಗಾಲದಲ್ಲಿ 60 ಲೀಟರಿನಲ್ಲಿ ಮುಗಿಯುತ್ತಿದ್ದ ಕುಡಿಯುವ ನೀರು ಈಗ ಒಂದು ಹಸುವಿಗೆ 100 ಲೀಟರು ಕೇಳುತ್ತದೆ.

ಹೊಡೆತ ಎರಡು ಕಡೆಯಿಂದ. ತಿನ್ನುವುದು ಕಡಿಮೆಯಾಗಿ ಹಾಲು ಕಡಿಮೆ. ಅದರಲ್ಲೂ ನಾರಿನ ಮೇವು ಕಡಿಮೆ ತಿಂದರೆ ಫ್ಯಾಟೂ ಕಡಿಮೆ. ಹಸುವಿನ ಹಾಲಿನ ದರ ಹೇಳುವುದೇ 3.5 ಫ್ಯಾಟು, 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಗಟ್ಟಿ ಅಂಶ) ಲೆಕ್ಕದಲ್ಲಿ. ಅದರ ಕೆಳಗೆ ಬಂದರೆ ಪಾಯಿಂಟಿಗೆ ಇಷ್ಟು ಅಂತ ಕತ್ತರಿ. ಕಟ್ಟೆ ಮೇಲೆ ಕೇಳಿದ ದರ ಬೇರೆ, ಚೀಟಿಯಲ್ಲಿ ಬರುವ ದರ ಬೇರೆ. ಜೊತೆಗೆ ಈ ಸೆಕೆಯಲ್ಲಿ ಹಸು ಬೆದೆಗೆ ಬಂದದ್ದು ಗೊತ್ತೇ ಆಗುವುದಿಲ್ಲ, ಗೊತ್ತಾಗಿ ಡಾಕ್ಟರನ್ನು ಕರೆಸಿ ಕೃತಕ ಗರ್ಭಧಾರಣೆಯ ಸೂಜಿ ಮಾಡಿಸಿದರೂ ಗಬ್ಬ ನಿಲ್ಲುವುದು ಕಷ್ಟ. ಈಗ ಕಳೆದುಕೊಂಡ ಎರಡು ತಿಂಗಳು ಮುಂದಿನ ವರ್ಷದ ಹಾಲಿನಲ್ಲಿ ಕಾಣುತ್ತದೆ.

ಈಗ ಮೇವು. ನನ್ನ ಇಡೀ ತಕರಾರು ಇರುವುದೇ ಇಲ್ಲಿ. ಅಕ್ಟೋಬರ್, ನವೆಂಬರಿನಿಂದ ನಮ್ಮ ಕಡೆ ಸಕ್ಕರೆ ಕಾರ್ಖಾನೆ ಶುರು. ಅಲ್ಲಿಂದ ಮಾರ್ಚಿನವರೆಗೆ ಎಲ್ಲಿ ನೋಡಿದರೂ ಕಬ್ಬಿನ ವಾಡೆ, ಅಂದರೆ ತುದಿಯ ಹಸಿರು ಗರಿ. ಕಟಾವಿನ ಗ್ಯಾಂಗಿನವರಿಂದ ಹೊರೆ ಕೊಂಡರೆ ಆಯಿತು. ಈ ವಾಡೆಯೇ ನಮ್ಮನ್ನು ಸೋಮಾರಿ ಮಾಡಿದ್ದು. ಅದರಲ್ಲಿ ಆಕ್ಸಲೇಟು ಜಾಸ್ತಿ, ಮೈಯ ಸುಣ್ಣದ ಅಂಶವನ್ನು ಹಿಡಿದು ಹೊರಗೆ ಹಾಕುತ್ತದೆ. ವಾಡೆ ಒಂದನ್ನೇ ತಿನ್ನಿಸಿದ ಹಸು ಕರು ಹಾಕಿದ ಮೇಲೆ ಕುಸಿದು ಕೂತದ್ದನ್ನು ನಮ್ಮ ಓಣಿಯಲ್ಲಿ ಕಾಣದವರಿಲ್ಲ. ಖನಿಜ ಮಿಶ್ರಣ ಕೊಡಿ, ಸುಣ್ಣದ ತಿಳಿನೀರು ಚಿಮುಕಿಸಿ ಅಂತ ಹೇಳಿದರೂ "ನೋಡೋಣ" ಅನ್ನುತ್ತಾರೆ. ಇರಲಿ, ಅದೂ ಮಾರ್ಚಿಗೆ ಮುಗಿಯುತ್ತದೆ. ಕಾರ್ಖಾನೆಯ ಭೋಂಗಾ (ಸೈರನ್) ನಿಂತಿತು, ವಾಡೆ ನಿಂತಿತು. ಸರಿಯಾಗಿ ಪಾಡ್ಯದ ಹೊತ್ತಿಗೆ!

ಹಸಿರು ಬೆಳೆಯೋಣ ಅಂದರೆ ನೀರು. ನಮ್ಮ ಕಡೆಗೆ ಬರುವುದು ಖಡಕ್‌ವಾಸ್ಲಾದ ಬಲದಂಡೆ ಕಾಲುವೆ. ನಾನಿರುವ ಹಡಪ್ಸರದ ನಡುವೆಯೇ ಹಾದು ದೌಂಡ, ಇಂದಾಪುರಕ್ಕೆ ಹೋಗುತ್ತದೆ. ಖಡಕ್‌ವಾಸ್ಲಾ, ಪಾನ್‌ಶೇತ್, ವರಸಗಾಂವ್, ಟೆಮ್‌ಘರ್, ನಾಲ್ಕೂ ಅಣೆಕಟ್ಟು ತುಂಬಿದರೆ ಸುಮಾರು 29 ಟಿಎಂಸಿ. ಅದರಲ್ಲೇ ಇಡೀ ಪುಣೆ ಕುಡಿಯಬೇಕು, ಸ್ನಾನ ಮಾಡಬೇಕು, ಸೊಸೈಟಿಯ ಕಾರು ತೊಳೆಯಬೇಕು, ಉಳಿದದ್ದು ನಮ್ಮ ಹುಲ್ಲಿಗೆ. ಬೇಸಿಗೆಯಲ್ಲಿ ಆವರ್ತನ (ಕಾಲುವೆಗೆ ಸರದಿಯ ನೀರು) ಯಾವಾಗ ಬಿಡುತ್ತಾರೆ, ಎರಡು ಬಿಡುತ್ತಾರಾ ಒಂದೇನಾ ಅಂತ ಪ್ರತಿ ವರ್ಷ ಜಗಳ. ನಗರಕ್ಕೆ ನೀರು ಬೇಡ ಅಂತ ನಾನು ಹೇಳುತ್ತಿಲ್ಲ, ನನ್ನ ಮನೆಯ ನಲ್ಲಿಗೂ ಅದೇ ನೀರು. ಆದರೆ ಆ ಕಾಲುವೆ ನಂಬಿ ಹಸು ಕೊಳ್ಳಬೇಡಿ.

ಕಾಲುವೆಗೆ ನೀರು ಬಿಟ್ಟರೂ ಪಂಪಿಗೆ ಕರೆಂಟು ಬೇಕಲ್ಲ. ಪಂಪು ನಡೆಸುವ ತ್ರೀಫೇಸು ಕರೆಂಟು ಹಲವು ಕಡೆ ಸರದಿಯ ಮೇಲೆ ಒಮ್ಮೆ ಹಗಲು, ಒಮ್ಮೆ ರಾತ್ರಿ. ರಾತ್ರಿ ಪಾಳಿ ಬಂದರೆ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋಗಬೇಕು. ಪುಣೆ ಜಿಲ್ಲೆಯಲ್ಲಿ ಈಗ ಅದಕ್ಕೂ ಹೆದರಿಕೆ. ಜುನ್ನರ್, ಆಂಬೆಗಾಂವ್, ಶಿರೂರ್ ಕಡೆ ಚಿರತೆಗಳು ಕಬ್ಬಿನಲ್ಲೇ ಹುಟ್ಟಿ ಕಬ್ಬಿನಲ್ಲೇ ಬೆಳೆಯುತ್ತಿವೆ, ನಮ್ಮ ತಾಲ್ಲೂಕಿಗೂ ಬಂದಿವೆ. ಕಬ್ಬು ಕಟಾವಾದಾಗ ಅವಕ್ಕೆ ಮರೆ ಹೋಗುತ್ತದೆ, ಮರಿಗಳು ಕಟಾವಿನವರ ಕೈಗೇ ಸಿಗುತ್ತವೆ, ತಾಯಿ ಅಲ್ಲೇ ಸುತ್ತುತ್ತಿರುತ್ತದೆ. ಆಡು, ಕರು ಕಟ್ಟಿದ ಜಾಗಕ್ಕೆ ತಂತಿಯ ಜಾಳಿಗೆ ಹೊಡೆಸುವುದು ಈಗ ಖರ್ಚಿನ ಲೆಕ್ಕದಲ್ಲಿ ಸೇರಿದೆ. ಹಗಲು ಕರೆಂಟು ಕೊಡಿ ಅಂತ ರೈತರು ಕೇಳುವುದು ಸುಮ್ನೆ ಅಲ್ಲ.

ಸರಿ, ಹೊಸ ಹಸು ಬಂತು ಅಂದುಕೊಳ್ಳಿ. ಟೆಂಪೋದಲ್ಲಿ ಬಿಸಿಲಿನಲ್ಲಿ ಬಂದಿದೆ. ಹೊಸ ಜಾಗ, ಹೊಸ ಕೈ, ಹೊಸ ಮೇವು. ಮಾರಿದವನು ತೋರಿಸಿದ ಹಾಲು ಮೊದಲ ವಾರವೇ ಇಳಿಯುತ್ತದೆ. ಕಿವಿಯ ಹಿಂದೆ, ಬಾಲದ ಕೆಳಗೆ, ಕೆಚ್ಚಲ ಸಂದಿಯಲ್ಲಿ ಕೈ ಹಾಕಿ ನೋಡಿದ್ದೀರಾ? ರಕ್ತ ಹೀರುವ ಉಣ್ಣೆ ಹುಳು ಹೆಚ್ಚುವ ಕಾಲ ಇದು. ಮಿಶ್ರತಳಿಗೆ ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರ ಅಂದರೆ ಗಂಟಲ ಕೆಳಗೆ, ಭುಜದ ಮುಂದೆ ಗಡ್ಡೆ ಊದಿ, ಮೇವು ಬಿಟ್ಟು, ಬೇಗ ಔಷಧ ಬೀಳದಿದ್ದರೆ ಹಸು ಕೈಬಿಟ್ಟಿತು. ಕಿವಿಯಲ್ಲಿ 12 ಅಂಕಿಯ ಬಿಲ್ಲೆ ಇದೆಯಾ, ಕಾಲುಬಾಯಿ ಲಸಿಕೆ ಯಾವಾಗ ಬಿತ್ತು? 2019ರಿಂದ ಕೇಂದ್ರದ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಈ ಲಸಿಕೆ ಪುಕ್ಕಟೆ. ಲಸಿಕೆ ಹಾಕಿಸಿದರೆ ಎರಡು ದಿನ ಹಾಲು ಕಡಿಮೆ ಆಗುತ್ತೆ ಅಂತ ತಪ್ಪಿಸಿಕೊಳ್ಳುವವರು ನಮ್ಮಲ್ಲೇ ಇದ್ದಾರೆ. ಆ ಬಿಲ್ಲೆ ಬರೀ ಅಲಂಕಾರವಲ್ಲ, 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಹಸುವಿನ ಹಾಲಿಗೆ ಲೀಟರಿಗೆ 5 ರೂಪಾಯಿ ಅನುದಾನ ಕೊಟ್ಟಾಗ ಬಿಲ್ಲೆ ಇಲ್ಲದ ಹಸುವಿನವರು ಬಾಯಿ ಬಾಯಿ ಬಿಟ್ಟರು. 2022ರಲ್ಲಿ ದನಗಳಿಗೆ ಬಂದ ಚರ್ಮಗಂಟು ರೋಗ ನೆನಪಿದೆಯಲ್ಲ? ಸಂತೆಗಳೇ ಮುಚ್ಚಿದ್ದವು. ಹೊರಗಿನಿಂದ ತಂದ ಹಸುವನ್ನು ಎರಡು ಮೂರು ವಾರ ಬೇರೆ ಕಟ್ಟಬೇಕು ಅಂತ ಅವತ್ತು ಎಲ್ಲರೂ ಕಲಿತರು. ಕಲಿತದ್ದನ್ನು ಈಗ ಎಷ್ಟು ಜನ ಮಾಡುತ್ತಾರೆ?

ಕೆಲವರು ಹೇಳುತ್ತಾರೆ, "ಮೇವು ಕೊಂಡು ಹಾಕೋಣ ಬಿಡಿ, ಹಾಲಿನಲ್ಲಿ ಬರುತ್ತೆ." ಲೆಕ್ಕ ಹಾಕೋಣ. ಮಾರ್ಚ್ ಮಧ್ಯದಿಂದ ಜೂನ್ ಕೊನೆವರೆಗೆ ನೂರು ದಿನ ಹಿಡಿಯಿರಿ. ಒಂದು ಹಸುವಿಗೆ ದಿನಕ್ಕೆ 20 ಕಿಲೋ ಹಸಿರು, 5 ಕಿಲೋ ಕಣಿಕೆ (ಜೋಳದ ಒಣ ದಂಟು). ಅಂದರೆ 2 ಟನ್ನು ಹಸಿರು, ಅರ್ಧ ಟನ್ನು ಒಣಮೇವು. ಹಿಂಡಿ ಬೇರೆ, ಎರಡೂವರೆ ಲೀಟರು ಹಾಲಿಗೆ ಹತ್ತಿರ ಹತ್ತಿರ ಒಂದು ಕಿಲೋ. ಇದನ್ನು ಮೇ ತಿಂಗಳಲ್ಲಿ, ಎಲ್ಲರೂ ಮೇವಿಗೆ ಓಡಾಡುವಾಗ ಕೊಂಡು ನೋಡಿ. ಸ್ವಂತ ಹಸಿರಿಲ್ಲದೆ ಇದರಲ್ಲಿ ಮಿಗಿಸುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರ ಹತ್ತಿರ ದೊಡ್ಡ ಕೊಟ್ಟಿಗೆ ಇದೆ, ಲಾರಿ ಲೆಕ್ಕದಲ್ಲಿ ಮೊದಲೇ ತುಂಬಿಸಿಕೊಂಡಿರುತ್ತಾರೆ. ನಾಲ್ಕು ಹಸುವಿನ ಮನೆಯವರು ಹೊರೆ ಲೆಕ್ಕದಲ್ಲಿ ಕೊಳ್ಳುತ್ತಾರೆ.

ಅದಕ್ಕೆ ನಾನು ಹೇಳುವುದು, ಹಸುವಿಗೆ ಎತ್ತಿಟ್ಟ ದುಡ್ಡನ್ನು ಮೊದಲು ಮೇವಿಗೆ ಹಾಕಿ. ಫೆಬ್ರವರಿ, ಮಾರ್ಚಿನಲ್ಲಿ ಹಿಂಗಾರಿ ಜೋಳ ರಾಶಿಯಾಗುತ್ತದೆ. ಕಣಿಕೆ ಹೊಲದಲ್ಲೇ ಬಿದ್ದಿರುತ್ತದೆ, ವರ್ಷದಲ್ಲೇ ಅಗ್ಗ. ಮಾಲದಂಡಿ ಜೋಳವನ್ನು ನಮ್ಮವರು ಇಷ್ಟು ವರ್ಷದಿಂದ ಬಿಡದೇ ಇರುವುದಕ್ಕೆ ಭಕ್ಕರಿ ಅರ್ಧ ಕಾರಣ, ಕಣಿಕೆ ಅರ್ಧ. ತಂದು ಬಣವೆ ಒಟ್ಟಿ, ಕೆಳಗೆ ಕಲ್ಲು ಹಾಸಿ, ಮೇಲೆ ತಾಡಪಾಲು ಹಾಕಿ. ಆದರೆ ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರಿದೆ ಅಂತ ಖುಷಿಯಿಂದ ಹಸು ಬಿಡಬೇಡಿ. ನೀರಿಲ್ಲದೆ ಸೊರಗಿದ ಎಳೆ ಚಿಗುರಿನಲ್ಲಿ ವಿಷ ಇರುತ್ತದೆ, ಹೊಟ್ಟೆಗೆ ಹೋದರೆ ಡಾಕ್ಟರು ಬರುವಷ್ಟೂ ಹೊತ್ತು ಸಿಗುವುದಿಲ್ಲ. ಬಾವಿಯಲ್ಲಿ ನೀರಿದ್ದಾಗಲೇ ಮೆಕ್ಕೆಜೋಳ ಹಾಕಿ, ಕಾಳು ಹಾಲುಗಟ್ಟಿ ಗಟ್ಟಿಯಾಗುತ್ತಿರುವಾಗ ಕತ್ತರಿಸಿ ಮುರಘಾಸ (ಸೈಲೇಜ್, ಗಾಳಿಯಾಡದಂತೆ ಮುಚ್ಚಿಟ್ಟ ಹಸಿರು ಮೇವು) ಮಾಡಿ. ಐದು ಹಸುವಿಗೆ ದಿನಕ್ಕೆ 15 ಕಿಲೋದಂತೆ ನೂರು ದಿನಕ್ಕೆ ಏಳೂವರೆ ಟನ್ನು. ಗಾಳಿ ಹೋಗದ ಹಾಗೆ ತುಳಿದು ಮುಚ್ಚಿದರೆ 45 ದಿನಕ್ಕೆ ತಿನ್ನಿಸಲು ಸಿದ್ಧ. ಮೇವು ಎಷ್ಟಿದೆ ಅಂತ ಗೊತ್ತಾದ ಮೇಲೆ ಹಸು ಎಷ್ಟಿರಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಸಾಲದಿದ್ದರೆ ಹಾಲು ಬತ್ತಿದ, ಗಬ್ಬ ನಿಲ್ಲದ ಒಂದನ್ನು ಪಾಡ್ಯಕ್ಕೆ ಮೊದಲೇ ಮಾರಿಬಿಡಿ. 

ಇನ್ನೊಂದು ಮಾತು, ಇದಕ್ಕೆ ಬೈಗುಳ ಬಂದರೂ ಪರವಾಗಿಲ್ಲ. ಚೈತ್ರದ ಜಾತ್ರೆ ಶುರುವಾದರೆ ಊರ ಹುಡುಗರೆಲ್ಲ ಬೈಲ್‌ಗಾಡಾ ಶರ್ಯತ್ತಿಗೆ, ಅಂದರೆ ಎತ್ತಿನಗಾಡಿ ಓಟಕ್ಕೆ, ಹೋಗುತ್ತಾರೆ. 2023ರಲ್ಲಿ ಸುಪ್ರೀಂ ಕೋರ್ಟು ಆ ಓಟಕ್ಕೆ ಅವಕಾಶ ಕೊಡುವ ಕಾನೂನು ಸರಿ ಅಂದ ಮೇಲಂತೂ ಕೇಳುವುದೇ ಬೇಡ. ಓಡುವ ಎತ್ತಿಗೆ ಮೊಟ್ಟೆ, ಹಾಲು, ಬಾದಾಮಿ. ಅದೇ ಮನೆಯಲ್ಲಿ ಸಂಸಾರ ನಡೆಸುವ ಹಸುವಿಗೆ ಖನಿಜ ಮಿಶ್ರಣ ತರಲು ದುಡ್ಡಿಲ್ಲ. ಎತ್ತಿನ ಹೆಸರು ಮೊಬೈಲಿನ ಸ್ಟೇಟಸ್ಸಿನಲ್ಲಿ, ಹಸುವಿನ ಕೆಲಸ ವೈನಿಯರ ತಲೆಯ ಮೇಲೆ. ಹೊಸ ಹಸು ಬೇಕಾ ಬೇಡವಾ ಅಂತ ಮನೆಯಲ್ಲಿ ಅವರನ್ನು ಯಾರಾದರೂ ಕೇಳಿದ್ದೀರಾ? ಇನ್ನೊಂದು ಹಸು ಅಂದರೆ ಅವರಿಗೆ ಇನ್ನಷ್ಟು ಸಗಣಿ, ಇನ್ನಷ್ಟು ನೀರು, ಇನ್ನೂ ಬೇಗ ಏಳುವುದು. ನಮ್ಮಲ್ಲಿ ಆರನೇ ಹಸುವಿನ ಮಾತು ಬಂದಾಗ ವೈನಿ ಕೇಳಿದ್ದು ಒಂದೇ ಮಾತು, "ಕಣಿಕಿ ಎಲ್ಲದ?" ಅಣ್ಣ ಸುಮ್ಮನಾದ.

ಹಾಗಾದರೆ ಯಾವಾಗ ಕೊಳ್ಳಬೇಕು? ಮಳೆ ಹಿಡಿದು, ಬದುವಿನ ಮೇಲೆ ಹುಲ್ಲು ಬಂದು, ನಿಮ್ಮ ಹೊಲದ ಹಸಿರು ಒಂದು ಕೊಯ್ಲಿಗೆ ಬಂದ ಮೇಲೆ. ಆಗ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಎದುರಿಗೇ ಹಾಲು ಕರೆಸಿ ನೋಡಿ. ಮುಹೂರ್ತ ಬೇಕೇ ಬೇಕು ಅನ್ನುವವರಿಗೆ ದಸರಾ ಇದೆ, ಅದೂ ಮೂರೂವರೆಯಲ್ಲಿ ಒಂದು. ಪಾಡ್ಯಕ್ಕೆ ಏನಾದರೂ ತರಲೇಬೇಕಾದರೆ ಕುಟ್ಟಿ ಯಂತ್ರ (ಮೇವು ಕತ್ತರಿಸುವ ಯಂತ್ರ) ತನ್ನಿ. ಕಣಿಕೆಯನ್ನು ಉದ್ದುದ್ದ ಹಾಕಿದರೆ ಹಸು ಎಲೆ ತಿಂದು ದಂಟು ತುಳಿಯುತ್ತದೆ, ಕುಟ್ಟಿ ಮಾಡಿ ಹಾಕಿದರೆ ಗೋದಲಿ ಖಾಲಿ. ಬಣವೆ ಅಷ್ಟು ದಿನ ಜಾಸ್ತಿ ಬರುತ್ತದೆ.

ಮುಂದಿನ ಸಲ ಮುರಘಾಸದ ಗುಂಡಿ ತುಂಬುವುದನ್ನು ತೋರಿಸುತ್ತೇನೆ, ಎಷ್ಟು ಅಗಲ, ಎಷ್ಟು ಆಳ, ಬೆಲ್ಲ ಎಷ್ಟು, ಉಪ್ಪು ಎಷ್ಟು ಎಲ್ಲ. ವೈನಿ ಕ್ಯಾಮೆರಾ ಮುಂದೆ ಬರಲು ಒಪ್ಪಿದರೆ ಅವರೇ ಹೇಳುತ್ತಾರೆ, ಇಲ್ಲದಿದ್ದರೆ ಮತ್ತೆ ನಾನೇ.