ದಮ್ಮು ಜಾಸ್ತಿಯಾಗುವ ಮೊದಲ ಎರಡು ದಿನ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಲವರಿಗೆ ಸಿಓಪಿಡಿ ಇದೆ, ಅಂದರೆ ಉಸಿರಿನ ನಾಳಗಳು ಕಿರಿದಾಗಿ ದಮ್ಮು ಬರುವ, ವಾಸಿಯಾಗದೆ ಉಳಿಯುವ ಶ್ವಾಸಕೋಶದ ಕಾಯಿಲೆ. ಉಳಿದವರು ಅವರನ್ನು ನೋಡಿಕೊಳ್ಳುವ ಮನೆಯವರು. ಇವತ್ತು ನಾನು ಜಾಸ್ತಿ ಮಾತಾಡುವುದು ಮನೆಯವರ ಜೊತೆ. ಕಾಯಿಲೆ ಬಿಗಡಾಯಿಸುತ್ತಿರುವುದು ಎಷ್ಟೋ ಸಲ ರೋಗಿಗಿಂತ ಮೊದಲು ನಿಮ್ಮ ಕಣ್ಣಿಗೆ ಬೀಳುತ್ತದೆ.

ಮೊದಲು ಒಂದು ಪ್ರಶ್ನೆ. ನಿಮ್ಮವರ ಮಾಮೂಲಿ ದಿನ ಹೇಗಿರುತ್ತದೆ? ಎಷ್ಟು ಮೆಟ್ಟಿಲು ಹತ್ತಿ ನಿಲ್ಲುತ್ತಾರೆ? ಕಫ ಎಷ್ಟು, ಯಾವ ಬಣ್ಣ? ಎಷ್ಟು ದಿಂಬು ಬೇಕು? ದಮ್ಮು ಬಂದಾಗ ಎಳೆಯುವ ಇನ್‌ಹೇಲರ್ ದಿನಕ್ಕೆ ಎಷ್ಟು ಸಲ ಬೇಕಾಗುತ್ತದೆ? ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದಿಡಿ. ಈ ಕಾಯಿಲೆಯಲ್ಲಿ ಉಸಿರಾಟ ದಿನವೂ ಕಷ್ಟವೇ ಅಲ್ವಾ? ಅದಕ್ಕೇ "ಕಷ್ಟ ಆಗ್ತಿದೆಯಾ" ಅಂತ ಕೇಳಿದರೆ ಏನೂ ತಿಳಿಯುವುದಿಲ್ಲ. "ಮಾಮೂಲಿಗಿಂತ ಜಾಸ್ತಿಯಾ" ಅಂತ ಕೇಳಿ.

1987ರಲ್ಲಿ ಕೆನಡಾದ ವಿನ್ನಿಪೆಗ್‌ನ ವೈದ್ಯರು ಮೂರು ಗುರುತು ಹೇಳಿದರು. ದಮ್ಮು ಹೆಚ್ಚುವುದು, ಕಫ ಹೆಚ್ಚುವುದು, ಕಫ ಕೀವಿನಂತೆ ಹಳದಿ ಅಥವಾ ಹಸಿರಾಗುವುದು. ಇವತ್ತಿಗೂ ನಾವು ಅವನ್ನೇ ಕೇಳುತ್ತೇವೆ. ಆಂಟಿಬಯಾಟಿಕ್ ಬೇಕೋ ಬೇಡವೋ ಅನ್ನುವುದಕ್ಕೂ ಕಫದ ಬಣ್ಣ ಸಹಾಯ ಮಾಡುತ್ತದೆ. ಆದರೆ ಮನೆಯಲ್ಲಿ ಮೊದಲು ಕಾಣುವುದು ಇನ್ನೂ ಸಣ್ಣ ವಿಷಯಗಳು. ಸ್ನಾನ ನಾಳೆ ಮಾಡ್ತೀನಿ ಅನ್ನುತ್ತಾರೆ. ಅಗಿಯುತ್ತಾ ಉಸಿರಾಡಲು ಆಗದೆ ಅರ್ಧ ಊಟಕ್ಕೇ ಏಳುತ್ತಾರೆ. ರಾತ್ರಿ ಕುರ್ಚಿಯಲ್ಲೇ ಒರಗುತ್ತಾರೆ. ಕೇಳಿದರೆ "ಏನಿಲ್ಲ, ಸ್ವಲ್ಪ ಸುಸ್ತು" ಅನ್ನುತ್ತಾರೆ. ಆ "ಏನಿಲ್ಲ"ದಲ್ಲೇ ಎರಡು ದಿನ ಕಳೆದುಹೋಗುತ್ತದೆ. ಚಿಕಿತ್ಸೆ ಬೇಗ ಶುರುವಾದವರು ಬೇಗ ಚೇತರಿಸಿಕೊಳ್ಳುತ್ತಾರೆ. ನನಗೆ ಆ ಎರಡು ದಿನಗಳದ್ದೇ ಚಿಂತೆ.

ಒಳಗೆ ಏನಾಗುತ್ತದೆ ನೋಡಿ. ಹೆಚ್ಚಾಗಿ ಶೀತದ ವೈರಸ್‌ನಿಂದ ಶುರುವಾಗುತ್ತದೆ. ಬ್ಯಾಕ್ಟೀರಿಯಾ, ಹೊಗೆ, ಕೆಟ್ಟ ಗಾಳಿಯಿಂದಲೂ ಆಗಬಹುದು. ಉಸಿರಿನ ನಾಳಗಳು ಊದಿಕೊಂಡು ಕಫ ಕಟ್ಟುತ್ತದೆ. ರೋಗಿ "ಉಸಿರು ಒಳಗೆ ಹೋಗ್ತಾ ಇಲ್ಲ" ಅನ್ನುತ್ತಾರೆ. ನಿಜವಾದ ತೊಂದರೆ ಗಾಳಿ ಹೊರಗೆ ಬಾರದಿರುವುದು. ಹಳೆಯ ಗಾಳಿ ಪೂರ್ತಿ ಖಾಲಿಯಾಗುವ ಮೊದಲೇ ಮುಂದಿನ ಉಸಿರು ಬರುತ್ತದೆ. ಎದೆ ತುಂಬಿಯೇ ಇರುತ್ತದೆ, ಹೊಸ ಗಾಳಿಗೆ ಜಾಗ ಸಾಲುವುದಿಲ್ಲ. ಗಾಬರಿಯಾಗಿ ಬೇಗ ಬೇಗ ಉಸಿರಾಡಿದಷ್ಟೂ ಇದು ಹೆಚ್ಚುತ್ತದೆ.

ಹಾಗಾಗಿ ಕೂರಿಸಿ. ಮುಂದಕ್ಕೆ ಬಾಗಿ ಮೊಣಕೈಗಳನ್ನು ಮೇಜಿನ ಮೇಲೆ ಊರಲಿ. ಮೂಗಿನಿಂದ ಉಸಿರು ಎಳೆದು, ಸೀಟಿ ಊದುವ ಹಾಗೆ ತುಟಿ ಕೂಡಿಸಿ ನಿಧಾನವಾಗಿ ಬಿಡಲಿ. ಬಿಡುವ ಹೊತ್ತು ಎಳೆಯುವುದರ ಎರಡರಷ್ಟಿರಲಿ. ಇನ್‌ಹೇಲರ್‌ಗೆ ಸ್ಪೇಸರ್, ಅಂದರೆ ಔಷಧಿ ಹಿಡಿದಿಡುವ ಕೊಳವೆ ಹಾಕಿ, ಒಂದೊಂದೇ ಪಫ್ ಕೊಡಿ. ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ಸ್ಟೀರಾಯ್ಡ್ ಮಾತ್ರೆ ಶುರುಮಾಡಿ, ಅವತ್ತೇ ಅವರಿಗೆ ತಿಳಿಸಿ. ಸ್ಟೀರಾಯ್ಡ್ ಅಂದ ಕೂಡಲೇ ಹೆದರುತ್ತೀರಿ, ನನಗೆ ಗೊತ್ತು. 5 ದಿನದ ಕೋರ್ಸ್ 14 ದಿನದ ಕೋರ್ಸಿನಷ್ಟೇ ಕೆಲಸ ಮಾಡುತ್ತದೆ ಅಂತ 2013ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಯನ ತೋರಿಸಿದೆ. ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಮಾತ್ರ ನೀವಾಗಿಯೇ ಕೊಡಬೇಡಿ.

ಆಕ್ಸಿಜನ್ ವಿಷಯ ಸ್ವಲ್ಪ ಗಮನ ಕೊಟ್ಟು ಕೇಳಿ. ಕಾಯಿಲೆ ಬಿಗಡಾಯಿಸಿದಾಗ ಆಕ್ಸಿಜನ್ ಕೊಡಬೇಕಾಗಿ ಬಂದರೆ, ರಕ್ತದ ಆಕ್ಸಿಜನ್ ತೋರಿಸುವ ಬೆರಳಿನ ಮೀಟರಿನಲ್ಲಿ ಶೇಕಡಾ 88ರಿಂದ 92 ಬಂದರೆ ಸಾಮಾನ್ಯವಾಗಿ ಸಾಕು. ಮನೆಯಲ್ಲಿ ಆಕ್ಸಿಜನ್ ಯಂತ್ರ ಇದ್ದರೆ, 98 ಬರಲಿ ಅಂತ ಕೊಳಾಯಿ ತಿರುಗಿಸಿದ ಹಾಗೆ ಜಾಸ್ತಿ ಮಾಡಬೇಡಿ. ಕೆಲವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿಬಿಡುತ್ತದೆ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಆಂಬ್ಯುಲೆನ್ಸ್ ರೋಗಿಗಳ ಮೇಲೆ ಅಧ್ಯಯನ ನಡೆಯಿತು, 2010ರಲ್ಲಿ ಪ್ರಕಟವಾಯಿತು. ಅಳೆದು ಆಕ್ಸಿಜನ್ ಕೊಟ್ಟವರಲ್ಲಿ ಸಾವು, ಎಲ್ಲರಿಗೂ ಜೋರಾಗಿ ಕೊಟ್ಟ ಗುಂಪಿಗಿಂತ ಅರ್ಧಕ್ಕೂ ಕಡಿಮೆ ಇತ್ತು.

ಕಾರ್ಬನ್ ಡೈಆಕ್ಸೈಡ್ ಏರಿದಾಗ ರೋಗಿ ಒದ್ದಾಡುವುದಿಲ್ಲ, ತೂಕಡಿಸುತ್ತಾರೆ. ರಾತ್ರಿಯೆಲ್ಲ ಉಸಿರಿಗೆ ಪರದಾಡಿದವರು ಬೆಳಗಿನ ಜಾವ ಸುಮ್ಮನಾದರೆ ಮನೆಯವರು "ಸದ್ಯ, ನಿದ್ದೆ ಬಂತು" ಅಂತ ದೀಪ ಆರಿಸುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಎಬ್ಬಿಸಿ ಮಾತಾಡಿಸಿ. ಹೆಸರು, ದಿನ ಸರಿಯಾಗಿ ಹೇಳುತ್ತಾರಾ ನೋಡಿ. ಮಂಕಾಗಿದ್ದರೆ, ತಡವರಿಸಿದರೆ ತಡಮಾಡದೆ ಆಂಬ್ಯುಲೆನ್ಸ್ ಕರೆಯಿರಿ. ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಎದೆ ನೋವು ಬಂದರೆ, ಇನ್‌ಹೇಲರ್‌ಗೂ ದಮ್ಮು ಜಗ್ಗದಿದ್ದರೆ ಅದೇ ಮಾತು. ನಿದ್ದೆ ಮಾತ್ರೆ ಕೊಡಲೇಬೇಡಿ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸಂಪೂರ್ಣ ವಿಶ್ರಾಂತಿ ಅಂತ ಮಲಗಿಸಿಬಿಡುವವರಿದ್ದಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಕಾಲಿನ ಸ್ನಾಯು ಸೊರಗಿದರೆ ನಡೆದಾಗ ದಮ್ಮು ಇನ್ನೂ ಬೇಗ ಬರುತ್ತದೆ. ಸಾಧ್ಯವಿದ್ದರೆ ನಾಲ್ಕು ವಾರದೊಳಗೆ ಶ್ವಾಸಕೋಶದ ವ್ಯಾಯಾಮ ತರಬೇತಿಗೆ ಸೇರಿಸಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿ. ಸಿಗರೇಟು, ಬೀಡಿ ಇನ್ನೂ ಬಿಡದಿದ್ದರೆ ಇದೇ ಸಮಯ. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ.

ಈಗ ನಿಮ್ಮ ಚೀಲದಲ್ಲಿರುವ ಇನ್‌ಹೇಲರ್ ತೆಗೆಯಿರಿ. ಎಷ್ಟೋ ಜನರಿಗೆ ಔಷಧಿ ಗಂಟಲಲ್ಲೇ ಉಳಿಯುತ್ತದೆ, ಎದೆಗೆ ಇಳಿಯುವುದೇ ಇಲ್ಲ. ಒಬ್ಬೊಬ್ಬರಾಗಿ ಮುಂದೆ ಬಂದು ಹೇಗೆ ಎಳೆಯುತ್ತೀರಿ ತೋರಿಸಿ. ಮುಂದಿನ ಸಾಲಿನಿಂದಲೇ ಶುರುಮಾಡೋಣ.